ಚಿಕ್ಕಿ ಕಂಡದ್ದೆಲ್ಲಾ ತೊಯ್ತದ

ಹೋದ ವಾರ ಹುಬ್ಬಳ್ಳಿಯಿಂದ ಸೊಸೆ ಫೋನ್ ಮಾಡಿದ್ದಳು. "ಅತ್ತಿ, ಕೌದಿ ಒಗೆದು ಮಾಳಿಗಿ ಮ್ಯಾಲೆ ಎರಡು ದಿನ ಬಿಸಲಿಗೆ ಹಾಕೇನ್ರಿ. ಆದರೂ ಮುಗ್ಗಲ ವಾಸನಿ ಬರಾಕತ್ತೇದ್ರಿ" ಅಂದಳು. ರಾತ್ರಿ ಎಲ್ಲಿತ್ತವಾ ಕೌದಿ ಎಂದು ಕೇಳಿದೆ. "ಅಲ್ಲೇ ತಂತಿ ಮ್ಯಾಲೆ ಬಿಟ್ಟಿದ್ದೆ, ಮಳಿ ಏನ್ ಬರೂದಿಲ್ಲಲ್ರಿ" ಅಂದಳು. ಮಳೆ ಬರಲಿಲ್ಲ, ಖರೆ. ಆದರೆ ಐದಾರು ಪದರಿನ ಹಳೆಯ ಸೀರೆ ಹೊಲಿದು ಮಾಡಿದ ಕೌದಿ ಇಡೀ ರಾತ್ರಿ ಇಬ್ಬನಿ ಕುಡಿದಿದೆ. ಮರುದಿನದ ಬಿಸಿಲಿಗೆ ಮೇಲಿನ ಪದರು ಗರಿಗರಿ ಆಗುತ್ತದೆ, ಕೈ ಇಟ್ಟು ನೋಡಿದರೆ ಒಣಗಿದೆ ಅನ್ನಿಸುತ್ತದೆ. ನಡುವಿನ ಪದರು ಮಾತ್ರ ಹಸಿಯಾಗಿಯೇ ಉಳಿದಿರುತ್ತದೆ. ಅದನ್ನು ಮಡಚಿ ಟ್ರಂಕಿನಲ್ಲಿ ಇಟ್ಟರೆ ವಾಸನೆ ಬರದೆ ಏನಾದೀತು?

ನಮ್ಮತ್ತೆ ಅಣ್ಣಿಗೇರಿ ಕಡೆಯ ಹಳ್ಳಿಯವರು. ಸಾಲಿ ಕಲಿತವರಲ್ಲ. ಸಂಜೆ ಅಂಗಳದಲ್ಲಿ ಏನೇ ಬಿದ್ದಿದ್ದರೂ ಅವರದು ಒಂದೇ ಮಾತು: "ಚಿಕ್ಕಿ ಕಂಡದ್ದೆಲ್ಲಾ ತೊಯ್ತದ, ಒಳಗ ತಗೀರಿ." ನಾನು ಆಗಷ್ಟೇ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಲು ಸೇರಿದ್ದೆ. ಚಿಕ್ಕಿ ಅಂದರೆ ನಕ್ಷತ್ರ; ಅದರಿಂದ ಏನು ನೀರು ಸುರಿಯುತ್ತದೆಯೇ ಎಂದು ಒಳಗೊಳಗೇ ನಕ್ಕಿದ್ದೆ. ಹುಡುಗರಿಗೆ ಪಾಠ ಮಾಡುವಾಗ ಮಾತ್ರ "ಇಬ್ಬನಿ ಬೀಳುತ್ತದೆ" ಎಂದೇ ಹೇಳುತ್ತಿದ್ದೆ. ಅತ್ತೆಯ ಮಾತೇ ಸರಿಯಿತ್ತು, ಮಾಸ್ತರಣಿಯದೇ ತಪ್ಪು.

ಇಬ್ಬನಿ ಮೇಲಿನಿಂದ ಬೀಳುವುದಿಲ್ಲ, ಇದ್ದಲ್ಲೇ ಹುಟ್ಟುತ್ತದೆ. ಹಗಲು ಕಾದ ನೆಲ, ಹುಲ್ಲು, ಬಟ್ಟೆ ಎಲ್ಲವೂ ರಾತ್ರಿ ತಮ್ಮ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡುತ್ತವೆ. ತಲೆಯ ಮೇಲೆ ಮೋಡವೋ ಛಾವಣಿಯೋ ಮರವೋ ಇದ್ದರೆ ಅದು ಬಹುಪಾಲು ಶಾಖವನ್ನು ತಿರುಗಿ ಕೊಡುತ್ತದೆ. ಏನೂ ಇಲ್ಲದೆ ಚಿಕ್ಕಿ ಕಾಣುತ್ತಿದ್ದರೆ ಹೋದ ಶಾಖ ಹೋದದ್ದೇ. ಹುಲ್ಲಿನ ಎಸಳು ತೆಳ್ಳಗೆ, ನೆಲದ ಬಿಸಿ ಅದಕ್ಕೆ ಸರಿಯಾಗಿ ತಲುಪುವುದಿಲ್ಲ. ಗಾಳಿ ಇಲ್ಲದ ರಾತ್ರಿ ಅದು ಸುತ್ತಲಿನ ಗಾಳಿಗಿಂತ ನಾಲ್ಕೈದು ಡಿಗ್ರಿ ತಣ್ಣಗಾಗಿಬಿಡುತ್ತದೆ. ಒಂದು ಘನ ಮೀಟರ್ ಗಾಳಿ 20 ಡಿಗ್ರಿಯಲ್ಲಿ ಸುಮಾರು 17 ಗ್ರಾಂ ನೀರಾವಿ ಹಿಡಿದುಕೊಳ್ಳಬಲ್ಲದು. 10 ಡಿಗ್ರಿಗೆ ಇಳಿದರೆ 9 ಗ್ರಾಮಿನ ಮೇಲೆ ಸ್ವಲ್ಪ, ಅಷ್ಟೇ. ಹೆಚ್ಚಾದದ್ದು ತಣ್ಣಗಿರುವ ಎಸಳಿನ ಮೇಲೆ ಹನಿಯಾಗಿ ಕೂರುತ್ತದೆ. ಜೋರು ಗಾಳಿ ಬೀಸಿದರೆ ಎಸಳು ಅಷ್ಟು ತಣ್ಣಗಾಗುವುದೇ ಇಲ್ಲ. ಹಗಲ ಬಿಸಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಂಡ ಕಲ್ಲಿನ ಕಟ್ಟೆ ಒಣಗೇ ಇರುವುದೂ, ಅದರ ಪಕ್ಕದ ಕರಕಿ ಹುಲ್ಲು ತೊಯ್ದಿರುವುದೂ ಇದೇ ಕಾರಣಕ್ಕೆ.

ಲಂಡನ್ನಿನ ವೈದ್ಯ ವಿಲಿಯಂ ಚಾರ್ಲ್ಸ್ ವೆಲ್ಸ್ ಇದನ್ನು ಉಣ್ಣೆಯ ಚೂರು ತೂಗಿ ತೂಗಿ ಸಾಬೀತು ಮಾಡಿ 1814ರಲ್ಲಿ ಬರೆದಿಟ್ಟ. ಒಂದು ಹಲಗೆಯನ್ನು ಕಾಲು ಕೊಟ್ಟು ನಿಲ್ಲಿಸಿ, ಅದರ ಮೇಲೊಂದು ಉಣ್ಣೆಯ ಉಂಡೆ, ಕೆಳಗೊಂದು ಉಂಡೆ ಇಟ್ಟರೆ, ಬೆಳಗ್ಗೆ ಮೇಲಿನದು ಬಹಳ ಹೆಚ್ಚು ಭಾರವಾಗಿರುತ್ತಿತ್ತು. ಕೆಳಗಿನದಕ್ಕೆ ಚಿಕ್ಕಿ ಕಂಡಿರಲಿಲ್ಲ, ಅಷ್ಟೇ. ನಂಬಿಕೆ ಬರದಿದ್ದರೆ ಎರಡು ಗಾಜಿನ ತಾಟು ತಗೊಂಡು, ಒಂದನ್ನು ಅಂಗಳದ ಹುಲ್ಲಿನ ಮೇಲೆ, ಇನ್ನೊಂದನ್ನು ಛಾವಣಿಯ ಅಡಿ ಇಟ್ಟು ಮಲಗಿರಿ. ಗಿಡದ ಕೆಳಗೆ ನಿಲ್ಲಿಸಿದ ಸ್ಕೂಟರಿನ ಸೀಟು ಒಣಗಿದ್ದು, ಬಯಲಲ್ಲಿ ನಿಂತದ್ದರ ಸೀಟು ಒರೆಸಿ ಕೂರಬೇಕಾಗುವುದನ್ನು ದಿನಾ ನೋಡುತ್ತೀರಲ್ಲ. ದಟ್ಟ ಮಂಜು ಕವಿದ ದಿನ ಮಾತ್ರ ಈ ಲೆಕ್ಕ ನಡೆಯುವುದಿಲ್ಲ. ಮಂಜು ಗಾಳಿಯಲ್ಲೇ ತೇಲುವ ಹನಿ, ಅದು ಪಡಸಾಲೆಯ ಒಳಗೂ ನುಗ್ಗುತ್ತದೆ.

ಈ ಒಂದು ಲೆಕ್ಕ ತಲೆಯಲ್ಲಿದ್ದರೆ ಶೀಗಿ ಹುಣ್ಣಿಮೆಯಿಂದ ಸಂಕ್ರಾಂತಿ ದಾಟುವ ತನಕ ಮನೆಯ ಅರ್ಧ ಕಿರಿಕಿರಿ ತಪ್ಪುತ್ತದೆ. ಬಟ್ಟೆಯನ್ನು ನಾಲ್ಕೂವರೆಗೆ ತಂತಿಯಿಂದ ತೆಗೆಯಿರಿ, ದೀಪ ಹಚ್ಚುವ ತನಕ ಕಾಯಬೇಡಿ. ಹೊತ್ತು ಇಳಿಯುತ್ತಲೇ ತಂಪು ಶುರುವಾಗಿರುತ್ತದೆ. ತೆಗೆಯುವುದು ಮರೆತೇ ಹೋದರೆ, ಮರುದಿನ ಎಂಟು ಗಂಟೆಗೇ ಮಡಚದೆ ಹತ್ತರ ಬಿಸಿಲು ಚೆನ್ನಾಗಿ ತಾಗಲು ಬಿಡಿ.

ಮೆಣಸಿನಕಾಯಿ ವಿಷಯ ಸ್ವಲ್ಪ ಉದ್ದ ಹೇಳಬೇಕು, ಯಾಕೆಂದರೆ ಇದರಲ್ಲಿ ನಾನೇ ಕೈ ಸುಟ್ಟುಕೊಂಡವಳು. ಹಾವೇರಿ ಕಡೆ ಕಣದ ತುಂಬ ಕೆಂಪು ಜಮಖಾನೆ ಹಾಸಿದ ಹಾಗೆ ಬ್ಯಾಡಗಿ ಮೆಣಸಿನಕಾಯಿ ಒಣಗಿಸುವುದನ್ನು ನೋಡಿರುತ್ತೀರಿ. ಖಾರ ಕಡಿಮೆ, ಬಣ್ಣ ಹೆಚ್ಚು. ಆ ಬಣ್ಣಕ್ಕೇ ಅದಕ್ಕೆ ಬೆಲೆ, 2011ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿತು. ವರ್ಷದ ಖಾರಕ್ಕೆಂದು ಹತ್ತು ಕಿಲೋ ತಂದು ಮಾಳಿಗೆಯಲ್ಲಿ ಹಾಕಿದ್ದೆ. ಸಂಜೆ ಮೇಲೊಂದು ಪ್ಲಾಸ್ಟಿಕ್ ಹಾಳೆ ಮುಚ್ಚಿ ಜಾಣೆ ಎಂದುಕೊಂಡೆ. ಬೆಳಗ್ಗೆ ಹಾಳೆ ಎತ್ತಿದರೆ ಅದರ ಒಳಮೈಯಿಂದಲೇ ತಟತಟ ನೀರು! ಆಕಾಶ ಕಂಡ ಹಾಳೆ ತಣ್ಣಗಾಗಿದೆ, ಕಾಯಿಯಿಂದ ಎದ್ದ ಆವಿ ಅದಕ್ಕೇ ತಗುಲಿ ಇಳಿದಿದೆ. ನಾಲ್ಕು ದಿನದಲ್ಲಿ ತೊಟ್ಟಿನ ಬುಡ ಕಪ್ಪಾಯಿತು, ಅರ್ಧ ಕಾಯಿ ತಿಪ್ಪೆಗೆ ಹೋಯಿತು.

ಅಂದಿನಿಂದ ನಾಲ್ಕು ಗಂಟೆಗೆ ಕಾಯಿಯನ್ನು ಗುಡ್ಡೆ ಎಳೆದು, ಮೊದಲು ಗೋಣಿತಟ್ಟು ಹೊದಿಸಿ, ಅದರ ಮೇಲೆ ತಾಡಪತ್ರಿ ಹಾಕುತ್ತೇನೆ. ಹಾಳೆಯಿಂದ ಇಳಿಯುವ ನೀರನ್ನು ಗೋಣಿ ಹೀರುತ್ತದೆ. ಬೆಳಗ್ಗೆ ಮಾಳಿಗೆಯ ನೆಲ ಒಣಗುವ ತನಕ ಹರವುವುದಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಬೀಜ ಗಲಗಲ ಅನ್ನಬೇಕು, ತೊಟ್ಟು ಲಟಕ್ಕನೆ ಮುರಿಯಬೇಕು. ಅಲ್ಲಿಯ ತನಕ ಡಬ್ಬಿ ತುಂಬಬೇಡಿ. ಒಂದೆರಡು ಕಾಯಿ ಸೀಳಿ ನೋಡಿ. ಒಳಗೆ ಬೂದು ಬಣ್ಣದ ಬಲೆ ಕಂಡರೆ ಒರೆಸಿ ಹುರಿದು ಉಪಯೋಗಿಸುವ ಯೋಚನೆ ಬೇಡ. ಬೂಸ್ಟಿನ ವಿಷ ಹುರಿದರೂ ಹೋಗುವುದಿಲ್ಲ.

ಸಕ್ಕರೆಗೂ ಇಬ್ಬನಿಗೂ ಹಳೆಯ ವೈರ. ಗೌರಿ ಹುಣ್ಣಿಮೆಗೆ ನಮ್ಮ ಕಡೆ ಹುಡುಗಿಯರು ಸಕ್ಕರೆ ಗೊಂಬೆ ಇಟ್ಟುಕೊಂಡು ಆರತಿ ಒಯ್ಯುತ್ತೇವಲ್ಲ, ಎಂಟು ವರ್ಷದವಳಿದ್ದಾಗ ನನ್ನ ಆರತಿ ತಾಟನ್ನು ಅಂಗಳದ ಕಟ್ಟೆಯ ಮೇಲೆ ಬಿಟ್ಟು ಬೆಳದಿಂಗಳಲ್ಲಿ ಆಡಲು ಓಡಿದ್ದೆ, ಅಲ್ಲೇ ಮರೆತೂಬಿಟ್ಟೆ. ಬೆಳಗ್ಗೆ ಆನೆಯ ಸೊಂಡಿಲು ಇರಲಿಲ್ಲ, ಗೌರಿಯ ಮೂಗು ಕರಗಿ ಗಲ್ಲದ ತನಕ ಇಳಿದಿತ್ತು. ಅತ್ತೂ ಅತ್ತೂ ಸಾಕಾಗಿ ಕೊನೆಗೆ ಅದನ್ನೇ ತಿಂದೆ. ಮನೆಗೆ ತಂದ ಗೊಂಬೆಯನ್ನು ಹಿತ್ತಾಳೆ ತಾಟಿನಲ್ಲಿ ತೆರೆದಿಡದೆ, ತಳಕ್ಕೆ ಕಾಗದ ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡಿ. ಹುಣ್ಣಿಮೆಯ ಹಾಲು ಮಾಳಿಗೆಯಲ್ಲಿ ಇಡುವವರು ತೆಳು ಅರಿವೆ ಕಟ್ಟಿ ಇಡಿ. ಚಂದ್ರ ಬೇಸರ ಮಾಡಿಕೊಳ್ಳುವುದಿಲ್ಲ.

ಇಬ್ಬನಿಯನ್ನು ಬೈದದ್ದೇ ಆಯಿತು. ಅದನ್ನು ಹಿಂಡಿ ಬಾಟಲಿ ತುಂಬಿ ಇಟ್ಟ ಮನೆ ನಮ್ಮದು. ಅಣ್ಣಿಗೇರಿ, ನವಲಗುಂದ, ಗದಗ, ರೋಣದ ಎರೆ ಹೊಲದಲ್ಲಿ ಹಿಂಗಾರಿ ಕಡಲೆ "ಇಬ್ಬನಿ ಮ್ಯಾಲೇ ಬೆಳೀತದ" ಅಂತಾರೆ. ಅದು ಪೂರ್ತಿ ಖರೆ ಅಲ್ಲ. ಬೆಳೆ ನಿಲ್ಲುವುದು ಎರೆಮಣ್ಣು ಹಿಡಿದಿಟ್ಟ ತೇವದ ಮೇಲೆ. ಎಷ್ಟೇ ಒಳ್ಳೆಯ ಇಬ್ಬನಿ ಆದರೂ ಒಂದು ರಾತ್ರಿಗೆ ಒಂದು ಮಿಲಿಮೀಟರ್ ಮಳೆಗೂ ಸಮ ಅಲ್ಲ. ಆದರೆ ಕಡಲೆ ಗಿಡದ ಮೈತುಂಬ ಇರುವ ಸಣ್ಣ ರೋಮಗಳು ಹುಳಿ ಸೂಸುತ್ತವೆ. ಮುಖ್ಯವಾಗಿ ಮ್ಯಾಲಿಕ್ ಆಮ್ಲ, ಜೊತೆಗೆ ಆಕ್ಸಾಲಿಕ್ ಆಮ್ಲ. ರಾತ್ರಿಯ ಇಬ್ಬನಿಯಲ್ಲಿ ಆ ಹುಳಿ ಕರಗಿ ಕೂತಿರುತ್ತದೆ. ಬೆಳಗ್ಗೆ ಬರಿಗಾಲಲ್ಲಿ ಕಡಲೆ ಹೊಲ ಹೊಕ್ಕವರ ಕಾಲು ಚುರುಗುಟ್ಟುವುದು ಇದರಿಂದಲೇ.

ಗಿಡ ಹೂವಿಗೆ ಬಂದ ಮೇಲೆ ಅತ್ತೆ ಮಾವನ ಹಳೆಯ ಧೋತರವೊಂದನ್ನು ಸಾಬೂನು ಹಾಕದೆ ಎರಡು ಮೂರು ನೀರಲ್ಲಿ ಜಾಲಿಸಿ, ಹೊತ್ತು ಹುಟ್ಟುವ ಮೊದಲೇ ಗಿಡದ ಮೇಲೆ ಹಾಸುತ್ತಿದ್ದರು. ಅತ್ತಕಡೆ ಒಬ್ಬರು, ಇತ್ತಕಡೆ ಒಬ್ಬರು ತುದಿ ಹಿಡಿದು ಸಾಲಿನಿಂದ ಸಾಲಿಗೆ ಮೆಲ್ಲಗೆ ಎಳೆಯುತ್ತ ಹೋಗಬೇಕು. ಬದುವಿಗೆ ಬರುವಷ್ಟರಲ್ಲಿ ಧೋತರ ಭಾರವಾಗಿ ಜೋಲುತ್ತಿತ್ತು, ಬೆರಳಿನ ಸಂದಿ ಉರಿಯುತ್ತಿತ್ತು. ಪಿಂಗಾಣಿ ಜಾಡಿಗೆ ಹಿಂಡಿ, ಸೋಸಿ, ಬಾಯಿಗೆ ಅರಿವೆ ಕಟ್ಟಿ ಬಿಸಿಲಿಗಿಟ್ಟರೆ ದಿನದಿಂದ ದಿನಕ್ಕೆ ಕಂದುಬಣ್ಣಕ್ಕೆ ತಿರುಗಿ ಗಟ್ಟಿಯಾಗುತ್ತದೆ. ಅದೇ ಕಡಲೆ ಹುಳಿ. ಹಿತ್ತಾಳೆ, ತಾಮ್ರ, ಅಲ್ಯುಮಿನಿಯಂ ಪಾತ್ರೆಯಲ್ಲಿ ಇದನ್ನು ಇಡಲೇಬಾರದು, ಹುಳಿ ಲೋಹವನ್ನು ತಿನ್ನುತ್ತದೆ. ಗಾಜು ಇಲ್ಲವೇ ಪಿಂಗಾಣಿ. ಆ ಧೋತರವೂ ಎರಡನೇ ವರ್ಷಕ್ಕೆ ಜರಡಿ ಆಗಿತ್ತು, ಹಾಗಾಗಿ ಹೊಸ ಬಟ್ಟೆ ಹಾಳು ಮಾಡಬೇಡಿ.

ಅಜೀರ್ಣಕ್ಕೆ, ಹೊಟ್ಟೆ ಉಬ್ಬರಕ್ಕೆ ಅತ್ತೆ ಅರ್ಧ ಚಮಚವನ್ನು ಒಂದು ಲೋಟ ನೀರಿಗೆ ಬೆರೆಸಿ, ಚಿಟಿಕೆ ಉಪ್ಪು ಹಾಕಿ ಕೊಡುತ್ತಿದ್ದರು. ಹುಣಸೆ ತೀರಿದ ದಿನ ಸಾರಿಗೂ ಇದೇ. ಆದರೆ ಮೂತ್ರಪಿಂಡದಲ್ಲಿ ಹರಳು ಆದವರು, ಎದೆ ಉರಿ ಇರುವವರು, ಗರ್ಭಿಣಿಯರು ಇದರ ತಂಟೆಗೆ ಹೋಗಬೇಡಿ, ಸಣ್ಣ ಮಕ್ಕಳಿಗೂ ಕೊಡಬೇಡಿ. ಇನ್ನೊಂದು ಮಾತು: ಈಗ ಕಾಯಿಕೊರಕ ಕೀಡಿಗೆ ಔಷಧಿ ಹೊಡೆಯದ ಕಡಲೆ ಹೊಲ ಸಿಗುವುದೇ ಕಷ್ಟ. ಔಷಧಿ ಹೊಡೆದ ಹೊಲದ ಇಬ್ಬನಿ ಹಿಂಡಿದರೆ ಬಾಟಲಿಯಲ್ಲಿ ಬರುವುದು ಆ ಔಷಧಿಯೇ. ನಿಮ್ಮದೇ ಹೊಲ, ಏನೂ ಹೊಡೆದಿಲ್ಲ ಎಂದು ಖಾತ್ರಿ ಇದ್ದರಷ್ಟೇ ಮಾಡಿ. ನಾನು ಅದಕ್ಕೇ ಬಿಟ್ಟು ಎಷ್ಟೋ ವರ್ಷ ಆಯಿತು.

ಹೊಲದವರಿಗೆ ಇದೆಲ್ಲ ಗೊತ್ತಿದ್ದದ್ದೇ. ಕುಸುಬಿಯ ಮುಳ್ಳು ಇಬ್ಬನಿಗೆ ಮೆತ್ತಗಾಗಿರುವಾಗ ನಸುಕಿನಲ್ಲೇ ಕೊಯ್ಯುತ್ತಾರೆ, ಕಡಲೆಯನ್ನೂ ತಂಪು ಹೊತ್ತಿನಲ್ಲೇ ಕೀಳುತ್ತಾರೆ, ಕಾಯಿ ಸಿಡಿದು ಉದುರಬಾರದೆಂದು. ಹತ್ತಿ ಮಾತ್ರ ಇಬ್ಬನಿ ಆರಿದ ಮೇಲೆ ಬಿಡಿಸಬೇಕು. ಆಕಳಿಗೆ ತೊಯ್ದ ಎಳೆ ಕುದುರೆಮೆಂತೆ ಹಸಿದ ಹೊಟ್ಟೆಗೆ ಹಾಕಿದರೆ ಹೊಟ್ಟೆ ಉಬ್ಬುತ್ತದೆ, ಮೊದಲು ಒಂದಿಷ್ಟು ಒಣ ಕಣಿಕೆ ತಿನ್ನಲಿ. ಹಿತ್ತಲ ಬದನೆ, ಅವರೆಗೆ ಹೇನು ಹತ್ತಿದ್ದರೆ ಎಲೆ ತೊಯ್ದಿರುವಾಗಲೇ ಜರಡಿ ಹಿಡಿದ ಒಲೆಬೂದಿ ಎರಚಿ, ಆಗ ಅಂಟುತ್ತದೆ. ಎಲೆಯ ಮೇಲಿನ ಹನಿ ಕೈಗೆ ಜಿಗಿಜಿಗಿ ಅನ್ನಿಸಿದರೆ ಅದು ಇಬ್ಬನಿಯಲ್ಲ, ಹೇನು ಬಿಟ್ಟ ಸಿಹಿನೀರು. ಜೋಳದ ಸಸಿಯ ಪ್ರತಿ ಎಲೆಯ ತುದಿಯಲ್ಲೂ ಮೂಗುಬೊಟ್ಟಿನಂತೆ ಒಂದೊಂದೇ ದಪ್ಪ ಹನಿ ನಿಂತಿರುತ್ತದಲ್ಲ, ಅದೂ ಇಬ್ಬನಿಯಲ್ಲ. ಬೇರು ಹೀರಿದ ನೀರನ್ನು ಸಸಿಯೇ ಹೊರಗೆ ತಳ್ಳಿದ್ದು. ಇಬ್ಬನಿ ಎಸಳಿನ ಮೈತುಂಬ ಸಣ್ಣ ಸಣ್ಣದಾಗಿ ಕೂರುತ್ತದೆ.

ಇಲ್ಲಿ ಧಾರವಾಡದಲ್ಲಿ ನನ್ನ ವಯಸ್ಸಿನವರು ಬೆಳಗ್ಗೆ ಮೈದಾನದ ತೊಯ್ದ ಹುಲ್ಲಿನ ಮೇಲೆ ಬರಿಗಾಲಲ್ಲಿ ತಿರುಗುತ್ತಾರೆ, ಕಣ್ಣಿಗೆ ಒಳ್ಳೇದಂತೆ. ಕನ್ನಡಕದ ನಂಬರು ಇಳಿದವರನ್ನು ನಾನಂತೂ ಕಂಡಿಲ್ಲ. ತಂಪಾಗಿ ಹಿತ ಅನ್ನಿಸುತ್ತದೆ, ಅಷ್ಟಕ್ಕೆ ನಡೆಯಿರಿ. ಆದರೆ ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು ಚಪ್ಪಲಿ ಬಿಡಬೇಡಿ. ಮುಳ್ಳು ಚುಚ್ಚಿದ್ದು ಸಂಜೆಯ ತನಕ ಗೊತ್ತಾಗುವುದಿಲ್ಲ. ಮೊಮ್ಮಕ್ಕಳು ಜೊತೆಗಿದ್ದರೆ ಬೆನ್ನಿಗೆ ಎಳೆಬಿಸಿಲು ಬರುವಂತೆ ನಿಲ್ಲಿಸಿ, ಹುಲ್ಲಿನ ಮೇಲೆ ಬಿದ್ದ ತಲೆಯ ನೆರಳು ತೋರಿಸಿ. ಸುತ್ತ ಬೆಳ್ಳನೆ ಪ್ರಭೆ ಕಾಣುತ್ತದೆ, ದೇವರ ಪಟದಲ್ಲಿ ಇರುವ ಹಾಗೆ. ಒಬ್ಬೊಬ್ಬರಿಗೆ ತಮ್ಮ ತಲೆಯದಷ್ಟೇ ಕಾಣುತ್ತದೆ, ಪಕ್ಕದವರದಲ್ಲ. ಹನಿಗಳು ಬೆಳಕನ್ನು ಬಂದ ದಾರಿಗೇ ತಿರುಗಿಸುವುದರಿಂದ ಹೀಗೆ. ಹದಿನಾರನೇ ಶತಮಾನದ ಇಟಲಿಯ ಅಕ್ಕಸಾಲಿಗ ಚೆಲ್ಲಿನಿ ಇದನ್ನು ಕಂಡು ತನ್ನ ದೊಡ್ಡತನದ ಗುರುತೆಂದೇ ತಿಳಿದಿದ್ದನಂತೆ. ನಮ್ಮ ಮೊಮ್ಮಗನೂ ಎರಡು ದಿನ ಹಾಗೇ ತಿರುಗಿದ.

ಪುಷ್ಯದ ಬೆಳಗಿನಲ್ಲಿ ಎದ್ದು ನೋಡಿದಾಗ ಕರಕಿ ಒಣಗಿದ್ದರೆ ರಾತ್ರಿ ಮೋಡವೋ ಗಾಳಿಯೋ ಇತ್ತೆಂದು ಲೆಕ್ಕ. ಅಂಥ ದಿನ ಮೆಣಸಿನಕಾಯಿ ಹರವುವ ಮೊದಲು ಒಮ್ಮೆ ಆಕಾಶ ನೋಡಿ.

ಸೊಸೆಯ ಕೌದಿಯನ್ನು ಮತ್ತೆ ಒಗೆಯುವುದು ಬೇಡ ಅಂದೆ. ಹತ್ತರಿಂದ ನಾಲ್ಕರ ತನಕ ಮೂರು ದಿನ, ನಡುವೆ ಒಮ್ಮೆ ಮಗುಚಿ ಹಾಕಿ, ಸಂಜೆ ಒಳಗೆ ತಂದು ಕುರ್ಚಿಯ ಬೆನ್ನಿಗೆ ಹರವಿಡಬೇಕು. ಮೂರನೇ ದಿನ ಹೊಲಿಗೆ ದಪ್ಪಗಿರುವ ಮೂಲೆಯನ್ನು ಹಿಚುಕಿ ಮೂಗಿಗೆ ಹಿಡಿದು ನೋಡಬೇಕು. ವಾಸನೆ ಉಳಿದಿದ್ದರೆ ಅಲ್ಲೇ ಉಳಿದಿರುತ್ತದೆ.