ಮಳೆಗೆ ಮುಂಚೆ ಮೋಟಾರ್‌ಹೋಮ್‌ನ ಸೂರು ನೋಡಿ

ಹೊಸದಾಗಿ ಮೋಟಾರ್‌ಹೋಮ್ (ವ್ಯಾನಿನ ಮೇಲೆ ಕಟ್ಟಿದ ಓಡಾಡುವ ಮನೆ) ಕೊಂಡವರಿಗೆ ಎಂಜಿನ್ನಿನದೇ ಚಿಂತೆ. ಅದು ಕೆಟ್ಟರೆ ಕುಶಾಲನಗರದಲ್ಲೋ ಗೋಣಿಕೊಪ್ಪದಲ್ಲೋ ಮೆಕ್ಯಾನಿಕ್ ಸಿಗುತ್ತಾರೆ. ವ್ಯಾನಿನ ಎಂಜಿನ್, ಕ್ಲಚ್ಚು ಅವರಿಗೆ ಹೊಸದಲ್ಲ. ಕೈಕೊಡುವುದು ಚಾಸಿ ಮೇಲೆ ಕೂತಿರುವ ಮನೆ: ಸೂರು, ವೈರಿಂಗ್, ನೀರಿನ ಪೈಪು, ಗ್ಯಾಸ್. ಇಷ್ಟನ್ನೂ ಒಂದೇ ಕಡೆ ರಿಪೇರಿ ಮಾಡುವವರು ಸಿಗುವುದು ಕಷ್ಟ. ಹಾಗಾಗಿ ಅರ್ಧ ಕೆಲಸ ನೀವೇ ಕಲಿತುಕೊಳ್ಳಬೇಕು. ಕೊಡಗಿನಲ್ಲಿ ಮೊದಲು ಕಲಿಯಬೇಕಾದದ್ದು ಸೋರಿಕೆ ತಡೆಯುವುದು. ಟಿವಿ, ದೊಡ್ಡ ಫ್ರಿಜ್ಜು ಎಲ್ಲ ಆಮೇಲೆ.

ಸೂರು

ಮಾರ್ಚ್–ಏಪ್ರಿಲ್‌ನ ಹೂಮಳೆ ಕಾಫಿಗೆ ಎಷ್ಟು ಬೇಕೋ ನಿಮಗೂ ಅಷ್ಟೇ ಬೇಕು. ಆ ಮಳೆ ನಿಂತ ಕೂಡಲೇ ಗಾಡಿಯೊಳಗೆ ಹೋಗಿ. ಮೇಲಿನ ಕಪಾಟುಗಳನ್ನೆಲ್ಲ ತೆರೆದು ಮೂಲೆಗಳನ್ನು ಬೆರಳಿನಿಂದ ಒತ್ತಿ ನೋಡಿ. ಪ್ಲೈವುಡ್ ಮೆತ್ತಗಿದ್ದರೆ, ಹಳದಿ ಕಲೆ ಕಂಡರೆ, ಬೂಷ್ಟಿನ ವಾಸನೆ ಬಂದರೆ ನೀರು ಇಳಿಯುತ್ತಿದೆ ಎಂದೇ ಲೆಕ್ಕ. ಆದರೆ ಕಲೆ ಇರುವ ಕಡೆಯೇ ತೂತೂ ಇರಬೇಕೆಂದಿಲ್ಲ. ನೀರು ಸೂರಿನೊಳಗೇ ಹರಿದು ಬೇರೆಲ್ಲೋ ಇಳಿಯುತ್ತದೆ.

ಹೊರಗೆ ಏಣಿ ಇಟ್ಟು ಮೇಲೆ ನೋಡಿ. ಸೂರಿನ ಮೇಲೆ ಸುಮ್ನೆ ನಡೆದಾಡಬೇಡಿ, ಎಲ್ಲ ಸೂರೂ ಭಾರ ತಡೆಯುವುದಿಲ್ಲ. ಫ್ಯಾನಿನ ಚೌಕಟ್ಟು, ಸೋಲಾರ್ ಪ್ಯಾನೆಲ್ ಕೂರಿಸಿದ ಸ್ಕ್ರೂಗಳು, ಅಂಚಿನ ಜಾಯಿಂಟುಗಳು, ಈ ಮೂರು ಕಡೆಯೇ ಸಂದು ಮುಚ್ಚುವ ಅಂಟು, ಅಂದರೆ ಸೀಲೆಂಟ್, ಮೊದಲು ಬಿರುಕು ಬಿಡುವುದು. ಬಿರುಕು ಬಿಟ್ಟಿದ್ದನ್ನು ಪ್ಲಾಸ್ಟಿಕ್ ಸ್ಕ್ರೇಪರ್‌ನಿಂದ ಪೂರ್ತಿ ಕೆರೆದು ತೆಗೆಯಿರಿ. ಸ್ಪಿರಿಟ್ ಹಾಕಿ ಒರೆಸಿ, ಒಣಗಲು ಬಿಡಿ. ಚೌಕಟ್ಟೇ ಸಡಿಲವಾಗಿದ್ದರೆ ಬಿಚ್ಚಿ, ಅದರ ಅಡಿಗೆ ಬ್ಯುಟೈಲ್ ಟೇಪ್ (ರಬ್ಬರಿನಂಥ ಮೆತ್ತನೆಯ ಅಂಟುಪಟ್ಟಿ) ಹಾಕಿ ಮತ್ತೆ ಬಿಗಿಯಿರಿ. ಸ್ಕ್ರೂ ತಲೆಗೂ ಅಂಚಿಗೂ ಬಿಸಿಲು ತಡೆಯುವಂಥ ಸೀಲೆಂಟ್ ಬಳಿಯಿರಿ. ಬಾತ್‌ರೂಮಿಗೆ ಬಳಸುವ ಸಿಲಿಕಾನ್ ಮಾತ್ರ ಬೇಡ. ಒಮ್ಮೆ ಹಚ್ಚಿದರೆ ಮುಂದೆ ಅದರ ಮೇಲೆ ಬೇರೇನೂ ಹಿಡಿಯುವುದಿಲ್ಲ.

ಒಣಗಿದ ಮೇಲೆ ಪರೀಕ್ಷೆ. ಒಬ್ಬರು ಒಳಗೆ ಟಾರ್ಚ್ ಹಿಡಿದು ನಿಲ್ಲಲಿ. ಇನ್ನೊಬ್ಬರು ಪೈಪಿನಲ್ಲಿ ನೀರು ಬಿಡಲಿ. ಕೆಳಗಿನ ಜಾಯಿಂಟಿನಿಂದ ಶುರುಮಾಡಿ, ಒಂದೊಂದೇ ಜಾಯಿಂಟ್ ನೆನೆಸುತ್ತಾ ಮೇಲೆ ಹೋಗಬೇಕು. ಒಟ್ಟಿಗೆ ಸುರಿದರೆ ಎಲ್ಲಿಂದ ಬಂತು ಅಂತ ಗೊತ್ತಾಗುವುದೇ ಇಲ್ಲ, ಅಲ್ವಾ? ಈ ಕೆಲಸ ಮೇ ನಡುವಿನೊಳಗೆ ಮುಗಿಯಲಿ. ಜೂನ್‌ನಲ್ಲಿ ಮಡಿಕೇರಿ, ಭಾಗಮಂಡಲ ಕಡೆ ಸೀಲೆಂಟ್ ಒಣಗುವಷ್ಟು ಬಿಡುವನ್ನು ಮಳೆ ಕೊಡುವುದಿಲ್ಲ.

ಕರೆಂಟು

ವೋಲ್ಟ್ ಅಳೆಯುವ ಒಂದು ಮಲ್ಟಿಮೀಟರ್ ಇಟ್ಟುಕೊಳ್ಳಿ. ಲೆಡ್-ಆಸಿಡ್ ಬ್ಯಾಟರಿಯಾದರೆ ಕೆಲವು ಗಂಟೆ ಸುಮ್ಮನೆ ಬಿಟ್ಟು ಅಳೆಯಿರಿ. 12.6 ವೋಲ್ಟ್ ಇದ್ದರೆ ಪೂರ್ತಿ ತುಂಬಿದೆ. 12.2ಕ್ಕೆ ಬಂದರೆ ಹೆಚ್ಚುಕಡಿಮೆ ಅರ್ಧ ಖಾಲಿ, ಕೂಡಲೇ ಚಾರ್ಜ್ ಮಾಡಿ. ಲಿಥಿಯಂಗೆ ಈ ಲೆಕ್ಕ ನಡೆಯದು. ಫ್ಯೂಸ್ ಹೋದರೆ ಅಷ್ಟೇ ಆಂಪಿಯರ್‌ನದ್ದನ್ನು ಹಾಕಿ. ಪದೇ ಪದೇ ಹೋಗುತ್ತಿದೆ ಎಂದು ಜಾಸ್ತಿ ಆಂಪಿಯರ್‌ನದ್ದು ಹಾಕಿದರೆ ವೈರ್ ಕಾದು ಬೆಂಕಿ ಹತ್ತಬಹುದು. ಅಂಥ ಹೊತ್ತಿಗೆ ಆಟೋ ಎಲೆಕ್ಟ್ರಿಷಿಯನ್ ಬೇಕು.

ಬ್ರೇಕು, ಟೈರು, ಗ್ಯಾಸು

ಬ್ರೇಕ್ ಕೆಲಸ ಮೆಕ್ಯಾನಿಕ್‌ಗೇ ಬಿಡಿ. ನಿಮ್ಮ ಕೆಲಸ ನೆನಪಿಟ್ಟುಕೊಳ್ಳುವುದು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಸಾಮಾನ್ಯವಾಗಿ 2 ವರ್ಷಕ್ಕೊಮ್ಮೆ ಬದಲಿಸಬೇಕು. ಹಳೆಯ ಆಯಿಲ್ ಇಟ್ಟುಕೊಂಡು ಸಂಪಾಜೆ ಘಾಟಿಯನ್ನೋ ಮಾಕುಟ್ಟ ಘಾಟಿಯನ್ನೋ ಬ್ರೇಕ್ ಒತ್ತಿಕೊಂಡೇ ಇಳಿದರೆ ಅದು ಕುದಿದು ಪೆಡಲ್ ಒಳಕ್ಕೆ ಹೋಗಿಬಿಡುತ್ತದೆ. ಕೆಳಗಿನ ಗೇರ್‌ನಲ್ಲೇ ಇಳಿಯಿರಿ. ಸುಟ್ಟ ವಾಸನೆ ಬಂದರೆ ನಿಲ್ಲಿಸಿ, ತಾನಾಗಿ ಆರಲಿ. ಕಾದ ಡ್ರಮ್ಮಿಗೆ ನೀರು ಸುರಿಯಬೇಡಿ. 100 ಲೀಟರ್ ನೀರೆಂದರೆ 100 ಕೆಜಿ, ಹಾಗಾಗಿ ಘಾಟಿ ಇಳಿಯುವಾಗ ಟ್ಯಾಂಕ್ ತುಂಬಿಸಿಕೊಂಡು ಹೋಗುವ ಅಗತ್ಯವಿಲ್ಲ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2321 ಎಂದರೆ 2021ರ 23ನೇ ವಾರ ತಯಾರಾದದ್ದು. ಈ ಗಾಡಿಗಳು ಓಡುವುದಕ್ಕಿಂತ ನಿಲ್ಲುವುದೇ ಜಾಸ್ತಿ. ಟೈರಿನ ಮೇಲಿನ ಉಬ್ಬುಗಳು ಸವೆಯದಿದ್ದರೂ ಐದಾರು ವರ್ಷಕ್ಕೆ ರಬ್ಬರ್ ಗಟ್ಟಿಯಾಗಿ ಸೀಳುತ್ತದೆ. ಸ್ಟೆಪ್ನಿಯನ್ನೂ ನೋಡಿ.

ಗ್ಯಾಸ್ ಜಾಯಿಂಟಿಗೆ ಸೋಪಿನ ನೊರೆ ಹಚ್ಚಿ. ಗುಳ್ಳೆ ಎದ್ದರೆ ಸಿಲಿಂಡರ್ ಬಂದ್ ಮಾಡಿ, ತಿಳಿದವರನ್ನು ಕರೆಸಿ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಹತ್ತಿರವೇ ಕೂರುತ್ತದೆ. ನೆಲದಲ್ಲಿರುವ ಗಾಳಿಕಿಂಡಿಗೆ ಚಾಪೆ ಮುಚ್ಚಬೇಡಿ.

ಮಳೆಗಾಲದಲ್ಲಿ ನಿಲ್ಲಿಸುವಾಗ

ಸಿಲ್ವರ್ ಓಕ್ ಕೆಳಗೆ ಬೇಡ, ಗಾಳಿಗೆ ಅದರ ಕೊಂಬೆ ಬೇಗ ಮುರಿಯುತ್ತದೆ. ಬರೆಯ (ಕಡಿದಾದ ಮಣ್ಣಿನ ದಿಣ್ಣೆಯ) ಬುಡದಲ್ಲೂ ಬೇಡ. ಸೂರಿನ ಮೇಲೆ ನೀರು ನಿಲ್ಲದಂತೆ ಸ್ವಲ್ಪ ವಾಟ ಕೊಟ್ಟು ನಿಲ್ಲಿಸಿ. ಹಾಸಿಗೆ ಎತ್ತಿ ನಿಲ್ಲಿಸಿ, ಕಪಾಟಿನ ಬಾಗಿಲು ತೆರೆದಿಡಿ. ಅಕ್ಕಿ, ಬಿಸ್ಕತ್ತು ಒಳಗಿಡಬೇಡಿ. ಅದಕ್ಕೆ ಬಂದ ಇಲಿ ವೈರನ್ನೂ ಕಡಿಯುತ್ತದೆ. ಮೋಡ ಕವಿದ ದಿನಗಳಲ್ಲಿ ಸೋಲಾರ್ ನಂಬಬೇಡಿ, ಮನೆಯ ಕರೆಂಟಿನಲ್ಲೇ ಬ್ಯಾಟರಿ ಚಾರ್ಜ್ ಮಾಡಿ. ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ ಓಡಿಸಿ ತನ್ನಿ.

ಮಳೆ ಕಳೆದು ಮತ್ತೆ ಹೊರಡುವ ಮುಂಚೆ ನೀರಿನ ಟ್ಯಾಂಕ್ ತೊಳೆಯಿರಿ. 100 ಲೀಟರಿಗೆ ಸುಮಾರು 100 ಮಿಲಿಲೀಟರ್ ಮನೆಬಳಕೆಯ, ವಾಸನೆ ಬೆರೆಸದ ಬ್ಲೀಚ್ ಹಾಕಿ, ಎಲ್ಲ ನಲ್ಲಿಯಲ್ಲೂ ಅದು ಬರುವವರೆಗೆ ಬಿಟ್ಟು, ನಾಲ್ಕು ಗಂಟೆ ಇಟ್ಟು ಖಾಲಿ ಮಾಡಿ. ವಾಸನೆ ಹೋಗುವ ತನಕ ಒಳ್ಳೆ ನೀರು ತುಂಬಿ ಚೆಲ್ಲಿ. ಪಂಪಿನ ಜಾಲರಿಯನ್ನೂ ಬಿಚ್ಚಿ ತೊಳೆಯಿರಿ. ಈ ನೀರನ್ನಾಗಲಿ ಪಾತ್ರೆ ತೊಳೆದ ನೀರನ್ನಾಗಲಿ ತೋಡಿಗೆ (ಸಣ್ಣ ಹಳ್ಳಕ್ಕೆ) ಬಿಡಬೇಡಿ. ಇಲ್ಲಿನ ಎಷ್ಟೋ ತೋಡುಗಳು ಹರಿದು ಸೇರುವುದು ಕಾವೇರಿಯನ್ನೇ.