ಫಾರ್ವರ್ಡ್ ಹೋದ, ದರ ಉಳಿಯಿತು

ಬೆಳಗಾವಿಯ ಟಿಳಕವಾಡಿಯಲ್ಲಿ ಅಭ್ಯಾಸ ಮಾಡುವ ನಮ್ಮ ಸಣ್ಣ ಫುಟ್‌ಬಾಲ್ ಕ್ಲಬ್ಬಿನ ಖಜಾಂಚಿ ನಾನು. ನಮ್ಮ ಹದಿನಾರು ಹುಡುಗರಿಗೂ ಪಂದ್ಯಕ್ಕೆ 800 ರೂಪಾಯಿ ಕೊಡುತ್ತಿದ್ದೆವು. ಒಂದು ವರ್ಷ ಟೂರ್ನಿಗೆಂದು ಗೋವಾದಿಂದ ಒಬ್ಬ ಫಾರ್ವರ್ಡ್‌ನನ್ನು, ಅಂದರೆ ಗೋಲು ಹೊಡೆಯುವ ಮುಂಚೂಣಿ ಆಟಗಾರನನ್ನು, ಕರೆಸಿದೆವು. ಅವನಿಗೆ ಪಂದ್ಯಕ್ಕೆ 5,000, ಊಟ ವಸತಿ ಬೇರೆ. ಆ ಹಣವನ್ನು ಹಿತೈಷಿಯೊಬ್ಬರು ಕೊಟ್ಟಿದ್ದರು. ಕ್ಲಬ್ಬಿಗೆ ಭಾರವಿಲ್ಲ ಎಂದೇ ನಂಬಿದ್ದೆ.

ಎರಡನೇ ಪಂದ್ಯದ ಸಂಜೆ ಗೋಲ್‌ಕೀಪರ್ ಮನೆಗೆ ಬಂದ. "ಕಾಕಾ, ಅವನಷ್ಟು ಕೊಡಿ ಎನ್ನುವುದಿಲ್ಲ. ಆದರೆ ಅವನ ಆರರಲ್ಲಿ ಒಂದು ಪಾಲೂ ನಾನಿಲ್ಲವೇ?" ಉತ್ತರ ಹೊಳೆಯಲಿಲ್ಲ. ಅವನಿಗೆ 1,500 ಮಾಡಿದೆ. ಮರುದಿನ ಡಿಫೆಂಡರ್‌ಗಳು ಬಂದರು, ಆಮೇಲೆ ಉಳಿದವರು. ಟೂರ್ನಿ ಮುಗಿಯುವಷ್ಟರಲ್ಲಿ ನಮ್ಮ ಹುಡುಗರದೇ ಒಂದು ಪಂದ್ಯದ ಖರ್ಚು 12,800ರಿಂದ 20,800ಕ್ಕೆ ಏರಿತ್ತು. ಫಾರ್ವರ್ಡ್ ಚೋರ್ಲಾ ಘಾಟ್ ಇಳಿದು ಊರಿಗೆ ಹೋದ. ಏರಿದ ದರ ಇಲ್ಲಿಯೇ ಉಳಿಯಿತು.

ದೊಡ್ಡ ಕ್ಲಬ್ಬುಗಳ ಲೆಕ್ಕವನ್ನು ನಾನು ಮನಸ್ಸಿಟ್ಟು ಓದತೊಡಗಿದ್ದು ಆಮೇಲೆ. ಅಲ್ಲಿ ವರ್ಗಾವಣೆ ಶುಲ್ಕವನ್ನು, ಅಂದರೆ ಆಟಗಾರನನ್ನು ತರಲು ಅವನ ಹಳೆಯ ಕ್ಲಬ್ಬಿಗೆ ಕೊಡುವ ಹಣವನ್ನು, ಅವನ ಒಪ್ಪಂದದ ವರ್ಷಗಳಿಗೆ ಹಂಚಿ ಬರೆಯುತ್ತಾರೆ: 10 ಕೋಟಿ ಯೂರೊ, ಐದು ವರ್ಷ ಎಂದರೆ ವರ್ಷಕ್ಕೆ 2 ಕೋಟಿ. ಅದಕ್ಕೊಂದು ಕೊನೆಯಿದೆ. ಸಂಬಳದ ಏಣಿ ಹಾಗಲ್ಲ. ಮೇಲೊಂದು ಮೆಟ್ಟಿಲು ಸೇರಿದರೆ, ಒಪ್ಪಂದ ನವೀಕರಿಸಲು ಬರುವ ಪ್ರತಿಯೊಬ್ಬನೂ ಅದನ್ನೇ ನೋಡಿ ಮಾತನಾಡುತ್ತಾನೆ. 2017ರಲ್ಲಿ ನೇಮಾರ್‌ನನ್ನು 22.2 ಕೋಟಿ ಯೂರೊಗೆ ಕಳೆದುಕೊಂಡ ಸ್ಪೇನ್‌ನ ಕ್ಲಬ್ ಬಾರ್ಸಿಲೋನಾ, ಆ ಜಾಗ ತುಂಬಲು ಡೆಂಬೆಲೆ, ಕುಟಿನ್ಯೊ ಅವರನ್ನು ಭಾರಿ ಬೆಲೆಗೆ ತಂದಿತು. ಸಂಬಳದ ಹೊರೆ ಬೆಳೆಯುತ್ತ ಹೋಯಿತು, ಕೊರೋನಾ ಆದಾಯವನ್ನು ತಿಂದಿತು. 2021ರ ಆಗಸ್ಟ್‌ನಲ್ಲಿ ಸ್ಪೇನ್‌ನ ಲೀಗ್ ಲಾ ಲಿಗಾ ಕ್ಲಬ್ಬಿಗೆ ಹಾಕಿದ ಸಂಬಳ ಮಿತಿಯೊಳಗೆ ತನ್ನ ತಾರೆ ಮೆಸ್ಸಿಯನ್ನೇ ಅದಕ್ಕೆ ನೋಂದಾಯಿಸಲಾಗಲಿಲ್ಲ. ಆ ಸುದ್ದಿ ಓದಿದಾಗ ನನಗೆ ನಮ್ಮ ಗೋಲ್‌ಕೀಪರ್ ನೆನಪಾದ.

ಮುಂದಿನ ವರ್ಷ ಎಲ್ಲರನ್ನೂ ಕೂರಿಸಿಕೊಂಡು ಪಟ್ಟಿಯನ್ನು ಹೊಸದಾಗಿ ಬರೆದೆ. ಮೂಲ ಹಣ ಎಲ್ಲರಿಗೂ 1,000. ಗೆದ್ದರೆ ಬರುವ ಬಹುಮಾನದ ಅರ್ಧ ಆಡಿದವರಿಗೆ ಸಮನಾಗಿ. ಹೊರಗಿನಿಂದ ಬಂದವನಿಗೂ ಅದೇ ಮೂಲ ಹಣ. ಪ್ರಯಾಣ, ವಸತಿಯ ಖರ್ಚು ರಸೀದಿಯಂತೆ. ಹೆಚ್ಚು ಕೊಡಲೇಬೇಕಾದರೆ ಮೂಲ ಹಣದ ಮೂರು ಪಟ್ಟು ಮೀರಬಾರದು, ಮತ್ತು ಮೊತ್ತ ತಂಡಕ್ಕೆ ಮೊದಲೇ ತಿಳಿದಿರಬೇಕು. ದರ ಏರಿದ್ದವರನ್ನು ಕೆಳಗಿಳಿಸುವಾಗ ನನಗೆ ನೋವಾಯಿತು. ಇಬ್ಬರು ಬೇರೆ ತಂಡ ಸೇರಿದರು. ಗೋಲ್‌ಕೀಪರ್ ಪಟ್ಟಿಯನ್ನು ಎರಡು ಸಲ ಓದಿ, ಸಹಿ ಮಾಡಿದ.