ತೂಕದ ಮಶಿನ್ ಪಕ್ಕದ ಹಸಿರು ಚೀಟಿ

ಗದಗದಲ್ಲಿ ನನ್ನದು ಮಕ್ಕಳ ಕ್ಲಿನಿಕ್. ದಿನಕ್ಕೆ ಅರವತ್ತು-ಎಪ್ಪತ್ತು ಮಕ್ಕಳು, ಇಬ್ಬರು ಸಿಸ್ಟರ್. ಮಕ್ಕಳ ಮನಸ್ಸಿನ ತೊಂದರೆಯನ್ನೂ ಇಲ್ಲೇ ಹುಡುಕುತ್ತೇನೆ ಎಂದಾಗ ಹುಬ್ಬಳ್ಳಿಯ ಗೆಳೆಯ "ನೆಗಡಿ ನೋಡಾಕ ಪುರಸೊತ್ತಿಲ್ಲ, ಮನಸ್ಸು ನೋಡ್ತಾನಂತ" ಎಂದು ನಕ್ಕಿದ್ದ. ಈಗ ಅವನೇ ನನ್ನ ಚೀಟಿಯ ಫೋಟೋ ಕೇಳಿದ್ದಾನೆ.

ಮೊದಲು ಎಸ್‌ಡಿಕ್ಯೂ ಕೊಟ್ಟೆ, ಮಗುವಿನ ಮನಸ್ಸು-ನಡವಳಿಕೆ ಬಗ್ಗೆ ಮನೆಯವರು ತುಂಬುವ ಹಾಳೆ, 25 ಪ್ರಶ್ನೆ. ಮೇಲೆ 'ಮಾನಸಿಕ ಆರೋಗ್ಯ' ಎಂದು ದಪ್ಪಕ್ಷರದಲ್ಲಿ ಹಾಕಿಸಿದ್ದೇ ತಪ್ಪಾಯಿತು. "ಯಾಕ್ರೀ ಸರ, ನಮ್ಮ ಹುಡುಗನ್ನ ಧಾರವಾಡಕ್ಕ ಕಳಸ್ತೀರೇನು?" ನಮ್ಮ ಕಡೆ ಧಾರವಾಡ ಅಂದ್ರೆ ಅಲ್ಲಿನ ಮಾನಸಿಕ ಆಸ್ಪತ್ರೆ ಅಂತಲೇ ಅರ್ಥ. ಎರಡು ಮನೆಯವರು ಮತ್ತೆ ಬರಲೇ ಇಲ್ಲ. ಉಳಿದ ಹಾಳೆಗಳ ಹಿಂದೆ ನನ್ನ ಮಗಳು ಗಣಿತ ಮಾಡಿದಳು.

ಆಮೇಲೆ ಹನ್ನೆರಡು ಸಾವಿರದ ಟ್ಯಾಬ್ ತಂದೆ. ಮಕ್ಕಳು ಅದರಲ್ಲಿ ಕಾರ್ಟೂನ್ ನೋಡಿದರು. ಎಸ್‌ಡಿಕ್ಯೂ ಕಾಗದದ ಮೇಲೆ ಪುಕ್ಕಟೆ, ಟ್ಯಾಬಿಗೆ ಹಾಕಲು ಅನುಮತಿ ಬೇಕು ಅಂತ ತಡವಾಗಿ ತಿಳಿಯಿತು. ಸಿಸ್ಟರ್ ಬಾಯಲ್ಲೇ ಕೇಳಿಸಿ ನೋಡಿದೆ. ಹಾಲ್ ತುಂಬಾ ಜನ, ಯಾರು ನಿಜ ಹೇಳ್ತಾರೆ?

ಕೊನೆಗೆ ಕೈ ಹಿಡಿದದ್ದು ಪಿಎಸ್‌ಸಿ-17, ಮನೆಯವರೇ ತುಂಬುವ ಇಂಥದ್ದೇ 17 ಪ್ರಶ್ನೆ. ಹಸಿರು ಹಾಳೆ, ತಲೆಬರಹ 'ಶಾಲೆ-ನಿದ್ದೆ ಚೀಟಿ'. ತೂಕ ಮಾಡುವಾಗಲೇ ಪೆನ್ ಸಮೇತ ಕೈಗೆ. ಜ್ವರದ ದಿನ ಕೊಡಬೇಡಿ, ಸುಸ್ತಾದ ಮಗುವಿಗೆ ಅಂಕ ಸುಮ್ನೆ ಏರುತ್ತದೆ. 5 ವರ್ಷದ ಬೂಸ್ಟರ್, 10 ಮತ್ತು 16ರ ಟಿಡಿ (ಧನುರ್ವಾಯು-ಡಿಫ್ತೀರಿಯಾ) ಸೂಜಿ, ಇವೇ ಸರಿಯಾದ ದಿನ.

ಒಟ್ಟು ಅಂಕ 15 ಮುಟ್ಟಿದರೆ ಎಲ್ಲರೂ ನೋಡುತ್ತೇವೆ. ನಾನು ಮಾತ್ರ, ಮಗು ಒಳಗೇ ಕೊರಗುತ್ತಿದೆಯೇ ಎಂದು ಕೇಳುವ ಐದು ಪ್ರಶ್ನೆಗಳ ಅಂಕವನ್ನು ಮೊದಲು ಕೂಡಿಸುತ್ತೇನೆ. ಅಲ್ಲಿ 5 ಆದರೆ ಸಾಕು. ಒಬ್ಬ ಹುಡುಗಿ, ಒಟ್ಟು 11, ಆದರೆ ಆ ಐದರಲ್ಲೇ 7. ಹೊಟ್ಟೆನೋವಿಗೆ ಬೇರೆ ಕಡೆ ಎರಡು ಸ್ಕ್ಯಾನ್ ಆಗಿದ್ದವು. ಅವ್ವ ದುಡಿಯಲು ಗೋವಾಕ್ಕೆ ಹೋಗಿದ್ದಳು. ಚೀಟಿ ತುಂಬಿಸಿದ್ದು ಅಜ್ಜಿ, ಒಂದೊಂದಕ್ಕೂ ಯೋಚಿಸಿ. ಆ ಸ್ಕ್ಯಾನಿಗಿಂತ ಅಜ್ಜಿಯೇ ಚುರುಕು.

ಅಂಕ ಜಾಸ್ತಿ ಬಂದಾಗ ಮನೆಯವರಿಗೆ ಹೇಳುವ ಮೊದಲ ಮಾತೊಂದಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಬಂದು ಪಕ್ಕದಲ್ಲಿ ಕೂತು ಕೇಳಿ.

ಮನೆಯ ಚಿತ್ರ ಬಿಡಿಸುವ ಪ್ರಯೋಗವನ್ನೂ ಮಾಡಿದೆ. ಗೋಡೆ ಚೆಂದ ಆಯಿತು, ಅಷ್ಟೇ. ಹನ್ನೆರಡು ದಾಟಿದವರಿಗೆ ಪಿಎಚ್‌ಕ್ಯೂ-ಎ, ಅಂದರೆ ಖಿನ್ನತೆ ಗುರುತಿಸಲು ಮಕ್ಕಳೇ ತುಂಬುವ ಒಂಬತ್ತು ಪ್ರಶ್ನೆ, ಎತ್ತರ ಅಳೆಯುವ ಪರದೆಯ ಹಿಂದೆ, ಅಪ್ಪ-ಅವ್ವ ಹೊರಗೆ. ಸಾಯುವ ಯೋಚನೆ ಬಗ್ಗೆ ಕೇಳುವ ಒಂಬತ್ತನೇ ಪ್ರಶ್ನೆಗೆ ಗುರುತು ಬಿದ್ದರೆ ಉಳಿದ ಪೇಷಂಟ್‌ಗಳು ಕಾಯಲಿ, ಅವತ್ತೇ ಕೂತು ಮಾತಾಡುತ್ತೇನೆ.

ದುಡ್ಡು? ಚೀಟಿಗೆ ಎಪ್ಪತ್ತು ಪೈಸೆ. ತಿಂಗಳಿಗೆ ಎರಡು ಶನಿವಾರ ಬರುವ ಕೌನ್ಸೆಲರ್‌ಗೆ ಸಲಕ್ಕೆ ಸಾವಿರದೈನೂರು. ಮೊದಲ ವರ್ಷ ದುಡ್ಡು ಕೈಯಿಂದಲೇ ಹೋಯಿತು. ಸುಮಾರು ಒಂಬೈನೂರು ಚೀಟಿಯಲ್ಲಿ ನೂರಾ ಹತ್ತು ಎದ್ದು ಕಂಡವು, ಮತ್ತೆ ಬಂದವರು ಅರವತ್ತು. ಡಿಮ್ಹಾನ್ಸ್‌ಗೆ, ಅಂದರೆ ಅದೇ ಧಾರವಾಡದ ಆಸ್ಪತ್ರೆಗೆ, ಕಳಿಸಿದ್ದು ಮೂವತ್ತೂ ಇಲ್ಲ. ಚೀಟಿಯ ಹಿಂಬದಿಯಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ಇದೆ.

ಕಳೆದ ತಿಂಗಳು ಹಸಿರು ಹಾಳೆ ಸಿಗದೆ ಬಿಳಿಯಲ್ಲಿ ಹಾಕಿಸಿದೆ. ಒಬ್ಬಾಕೆ ವಾಪಸ್ ಕೊಟ್ಟಳು: "ಇದು ಬಿಲ್ ಐತ್ರಿ ಸಿಸ್ಟರ್, ಶಾಲಿ-ನಿದ್ದಿ ಚೀಟಿ ಕೊಡ್ರಿ."